ಇಬ್ಬರು ಹೆಂಗಸರು ಜೋಡಿಯಾಗಿ ಬಾಳುತ್ತಿದ್ದೇವೆಂದು ಮನೆ ಖಾಲಿ ಮಾಡಿಸಬಹುದೇ? (ಹಾಸನ)

ಪ್ರಶ್ನೆ: ಸಾಲಗಾಮೆ ರಸ್ತೆ ಬಾಡಿಗೆದಾರಳು

ಹಾಸನದ ಸಾಲಗಾಮೆ ರಸ್ತೆಯ ಬದಿಯ ಬಡಾವಣೆಯೊಂದರಲ್ಲಿ ನಾನು ಮತ್ತು ನನ್ನ ಸಂಗಾತಿ ಮಹಡಿ ಮನೆಯೊಂದನ್ನು ಬಾಡಿಗೆಗೆ ಹಿಡಿದು ಕೆಲವು ವರ್ಷಗಳಿಂದ ಇದ್ದೇವೆ. ಇಬ್ಬರೂ ಹೆಂಗಸರು, ಇಬ್ಬರೂ ದುಡಿಯುವವರು. ಕರಾರು ಪತ್ರ ನನ್ನ ಹೆಸರಿನಲ್ಲಿದೆ. ಅದರ ಹನ್ನೊಂದು ತಿಂಗಳ ಅವಧಿ ಮುಗಿದ ಮೇಲೆ ಹೊಸದಾಗಿ ಬರೆಸಿಕೊಂಡಿಲ್ಲ. ಬಾಡಿಗೆಯನ್ನು ಮಾತ್ರ ತಿಂಗಳು ತಪ್ಪದೆ ಮಾಲೀಕರ ಖಾತೆಗೆ ಹಾಕುತ್ತ ಬಂದಿದ್ದೇನೆ, ವರ್ಷಕ್ಕೊಮ್ಮೆ ಅವರು ಹೇಳಿದಷ್ಟು ಹೆಚ್ಚಿಸಿಯೂ ಕೊಟ್ಟಿದ್ದೇನೆ. ನೀರಿನ ವಿಷಯದಲ್ಲಾಗಲಿ, ಕರೆಂಟ್ ಬಿಲ್ಲಿನ ವಿಷಯದಲ್ಲಾಗಲಿ ಒಂದು ಮಾತು ಬಂದಿರಲಿಲ್ಲ.

ಕಳೆದ ತಿಂಗಳು ನಮ್ಮ ಬಚ್ಚಲಿನ ಪೈಪು ಸೋರಿ ಕೆಳಗಿನ ಅವರ ಅಡುಗೆಮನೆಯ ತಾರಸಿಗೆ ತೇವ ಇಳಿಯಿತು. ಪ್ಲಂಬರನ್ನು ಕರೆದುಕೊಂಡು ಮಾಲೀಕರೂ ಅವರ ಪತ್ನಿಯೂ ಮೇಲೆ ಬಂದರು. ಕೆಲಸ ನಡೆಯುವಷ್ಟು ಹೊತ್ತು ಆಂಟಿ ಮನೆಯೊಳಗೆಲ್ಲ ಓಡಾಡಿದರು. ಎರಡು ಕೋಣೆಗಳಲ್ಲಿ ಒಂದರಲ್ಲಿ ಮಾತ್ರ ಮಂಚವಿದೆ. ಇನ್ನೊಂದರಲ್ಲಿ ಹೊಲಿಗೆ ಯಂತ್ರ, ಮೇಜು, ಇಸ್ತ್ರಿಗೆ ಮಡಚಿಟ್ಟ ಬಟ್ಟೆ. ಮಂಚದ ಮೇಲೆ ಎರಡು ದಿಂಬು, ಗೋಡೆಯ ಮೇಲೆ ಬೇಲೂರಿನಲ್ಲಿ ತೆಗೆಸಿಕೊಂಡ ನಮ್ಮಿಬ್ಬರ ಫೋಟೋ. ಅಲ್ಲಿ ಅವರು ಏನೂ ಕೇಳಲಿಲ್ಲ. ಒಂದು ವಾರ ಕಳೆದ ಮೇಲೆ ನನ್ನನ್ನು ಕೆಳಗೆ ಕರೆದು, "ಫ್ರೆಂಡ್ಸ್ ಅಂತ ಹೇಳಿ ಬಂದಿರಿ, ಇದು ಬೇರೆ ಥರ ಕಾಣುತ್ತಿದೆ, ನಮ್ಮದು ಮರ್ಯಾದೆಯಿಂದ ಬಾಳುವ ಮನೆ" ಎಂದರು. ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. ಮಾಡದಿದ್ದರೆ ನನ್ನ ಊರಿಗೂ ನನ್ನ ಸಂಗಾತಿಯ ಕಚೇರಿಗೂ ಫೋನು ಹೋಗುತ್ತದಂತೆ. ಅಡ್ವಾನ್ಸಿನಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿನ ವಾಡಿಕೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಡ್ವಾನ್ಸಿನ ಮಾತೆತ್ತಿದರೆ "ಅದನ್ನೆಲ್ಲ ಕೇಳುವ ಮುಖ ಇದೆಯಾ" ಎನ್ನುತ್ತಿದ್ದಾರೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿನಿಂದ ನಮ್ಮಂಥವರನ್ನು ಬಿಡಿಸಿದ ತೀರ್ಪನ್ನು ನಾನು ಓದಿದ್ದೇನೆ. ಲೈಂಗಿಕ ಒಲವಿನ ಕಾರಣಕ್ಕೆ ತಾರತಮ್ಯ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಹಾಗಿದ್ದ ಮೇಲೆ ಇದೇ ಕಾರಣವನ್ನು ಬಾಯಿಬಿಟ್ಟು ಹೇಳಿ ನಮ್ಮನ್ನು ಹೊರಗೆ ಹಾಕಲು ಇವರಿಗೆ ಹೇಗೆ ಸಾಧ್ಯ? ಅವರು ಹೇಳಿದ್ದನ್ನು ತಪ್ಪು ಎನ್ನುವ ಕಾನೂನು ಯಾವುದಾದರೂ ಇದೆಯೇ? ದಯವಿಟ್ಟು ತಿಳಿದವರು ಹೇಳಿ.

ಉತ್ತರ: ಜಿಲ್ಲಾ ನ್ಯಾಯಾಲಯದ ವಕೀಲ, ಹಾಸನ

ಮೇಡಂ, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ, ಎರಡಕ್ಕೂ ಉತ್ತರ ಬೇರೆ ಬೇರೆ. ಈ ತಿಂಗಳ ಕೊನೆಗೆ ನಿಮ್ಮನ್ನು ಹೊರಗೆ ಹಾಕಬಹುದೇ ಎಂದರೆ, ಇಲ್ಲ. ನಿಮ್ಮ ಲೈಂಗಿಕ ಒಲವಿನ ಕಾರಣಕ್ಕೆ ಮನೆ ನಿರಾಕರಿಸುವುದನ್ನು ನಿಷೇಧಿಸುವ ಕಾನೂನು ಇದೆಯೇ ಎಂದರೆ, ಖಾಸಗಿ ಮಾಲೀಕರ ಮಟ್ಟಿಗೆ ಅದೂ ಇಲ್ಲ. ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ 2018ರ ತೀರ್ಪನ್ನು ನಂಬಿಕೊಂಡು ಬಂದು ನನ್ನ ಮುಂದೆ ಕೂರುತ್ತಾರೆ.

ಸಂವಿಧಾನದ 15ನೇ ವಿಧಿಯ ಮೊದಲ ಖಂಡ ತಾರತಮ್ಯ ಮಾಡಬಾರದೆಂದು ಹೇಳುವುದು ಸರ್ಕಾರಕ್ಕೆ. ಎರಡನೆಯ ಖಂಡ ಖಾಸಗಿಯವರನ್ನೂ ಮುಟ್ಟುತ್ತದೆ ನಿಜ, ಆದರೆ ಅಲ್ಲಿರುವುದು ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳು. ವಾಸದ ಮನೆ ಅಲ್ಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅಲ್ಲಿನ 'ಅಂಗಡಿ' ಎಂಬ ಮಾತನ್ನು ವಿಸ್ತರಿಸಿ ಖಾಸಗಿ ಶಿಕ್ಷಣ ಸಂಸ್ಥೆಗಳನ್ನೂ ಅದರೊಳಗೆ ತಂದಿತು. ಅದೇ ದಾರಿಯಲ್ಲಿ ಬಾಡಿಗೆ ವ್ಯವಹಾರವನ್ನೂ ತರಬೇಕೆಂದು ವಾದಿಸಬಹುದು, ನಾನೇ ಸಂತೋಷದಿಂದ ವಾದಿಸುತ್ತೇನೆ. ಆದರೆ ಅದು ಹೈಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯುವ ಮೊಕದ್ದಮೆ, ತಿಂಗಳ ಕೊನೆಗೆ ಒದಗುವುದಿಲ್ಲ. 2023ರ ಜನವರಿಯಲ್ಲಿ ಸಂವಿಧಾನ ಪೀಠವೊಂದು 19 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಖಾಸಗಿ ವ್ಯಕ್ತಿಗಳ ವಿರುದ್ಧವೂ ಕೇಳಬಹುದೆಂದು ಬಹುಮತದಿಂದ ಹೇಳಿದೆ. ಅದಕ್ಕೂ ಇದೇ ಮಾತು.

ಇನ್ನು ಮೊದಲನೆಯದು. ಕರಾರಿನ ಅವಧಿ ಮುಗಿದ ಮೇಲೂ ಅವರು ಬಾಡಿಗೆ ತೆಗೆದುಕೊಳ್ಳುತ್ತ ಬಂದಿರುವುದರಿಂದ, ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನೀವು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆದಾರರು. ನಿಮ್ಮನ್ನು ಬಿಡಿಸಬೇಕಾದರೆ ಆ ಕಾಯ್ದೆಯ 106ನೇ ಸೆಕ್ಷನ್ನಿನಂತೆ ಸಹಿ ಮಾಡಿದ ಲಿಖಿತ ನೋಟಿಸು ಕೊಟ್ಟು ಹದಿನೈದು ದಿನ ಕಾಯಬೇಕು. ಅದಾದ ಮೇಲೂ ನೀವು ಬಿಡದಿದ್ದರೆ ಅವರು ಸಿವಿಲ್ ಕೋರ್ಟಿಗೆ ದಾವೆ ಹಾಕಬೇಕೇ ಹೊರತು ತಾವೇ ಬೀಗ ಜಡಿಯುವಂತಿಲ್ಲ, ಸಾಮಾನು ಹೊರಗಿಡುವಂತಿಲ್ಲ. ಹಾಗೆ ಮಾಡಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ನಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆಯ ಒಡೆಯರು ಯಾರೆಂಬ ವಾದವೂ ನಡೆಯುವುದಿಲ್ಲ. ಮೊದಲೇ ಭಯವಿದ್ದರೆ, ಕಾನೂನಿನ ಕ್ರಮ ಅನುಸರಿಸದೆ ಒಕ್ಕಲೆಬ್ಬಿಸಬಾರದೆಂದು ತಡೆಯಾಜ್ಞೆ ಕೇಳಬಹುದು.

ಇದರಲ್ಲಿರುವ ಕೊರತೆಯನ್ನೂ ತಿಳಿದಿರಿ. 106ನೇ ಸೆಕ್ಷನ್ನಿನ ನೋಟಿಸಿಗೆ ಕಾರಣ ಬರೆಯಬೇಕಾಗಿಲ್ಲ. ಕಾರಣ ಕೇಳುವ ಕಾನೂನೆಂದರೆ ಕರ್ನಾಟಕ ಬಾಡಿಗೆ ಕಾಯ್ದೆ, 1999. ಅದರಲ್ಲಿ ಮಾಲೀಕರು ಇಂಥಿಂಥ ಕಾರಣಕ್ಕೆ ಮಾತ್ರ ಬಿಡಿಸಬಹುದೆಂಬ ಪಟ್ಟಿಯೇ ಇದೆ. ಆದರೆ ಆ ಕಾಯ್ದೆ ಅನ್ವಯವಾಗಲು ಬಾಡಿಗೆಗೆ ಇಟ್ಟಿರುವ ಗರಿಷ್ಠ ಮಿತಿಯೇ ತಿಂಗಳಿಗೆ 3,500 ರೂಪಾಯಿ. ಇಂದಿನ ಹಾಸನದಲ್ಲಿ ಆ ಬೆಲೆಗೆ ಎರಡು ಕೋಣೆಯ ಮನೆ ಎಲ್ಲಿದೆ? ಹೀಗಾಗಿ ನಿಮ್ಮ ಮಾಲೀಕರು ನಾಳೆ ಒಬ್ಬ ವಕೀಲರನ್ನು ಹಿಡಿದು, ನಿಮ್ಮ ಮಂಚದ ವಿಚಾರವನ್ನೆಲ್ಲ ಬಿಟ್ಟು, ನಾಲ್ಕು ಸಾಲಿನ ನೋಟಿಸು ಕಳಿಸಿದರೆ ಆ ನೋಟಿಸು ಸಿಂಧುವಾಗುತ್ತದೆ. ಕಾನೂನು ನಿಮಗೆ ಕೊಡುವುದು ಸಮಯ ಮತ್ತು ಕ್ರಮ. ಎಲ್ಲ ಬಾಡಿಗೆದಾರರಿಗೂ ಸಿಗುವುದು ಅಷ್ಟೇ, ನಿಮಗೂ ಅಷ್ಟೇ ಸಿಗುತ್ತದೆ.

ಬೆದರಿಕೆಯ ವಿಷಯ ಹಾಗಲ್ಲ. ಊರಿಗೆ, ಕಚೇರಿಗೆ ತಿಳಿಸಿ ಮಾನ ಕಳೆಯುತ್ತೇವೆಂದು ಹೆದರಿಸಿ ಏನನ್ನಾದರೂ ಮಾಡಿಸುವುದು ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ನಿನಡಿ ಕ್ರಿಮಿನಲ್ ಬೆದರಿಕೆಯಾಗುತ್ತದೆ. ಆ ಹೆದರಿಕೆಯ ಬಲದಿಂದ ಅಡ್ವಾನ್ಸ್ ಬಿಟ್ಟುಕೊಡುವಂತೆ ಮಾಡಿದರೆ 308ನೇ ಸೆಕ್ಷನ್ನಿನ ಸುಲಿಗೆಯ ಆರೋಪಕ್ಕೂ ದಾರಿಯಾಗಬಹುದು. ಲೈಂಗಿಕ ಒಲವು ಖಾಸಗಿತನದ ಅವಿಭಾಜ್ಯ ಅಂಗವೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪಿನಲ್ಲಿದೆ. ನಿಮ್ಮ ಕೈಯಲ್ಲಿ ಈಗ ಇರುವ ಗಟ್ಟಿಯಾದ ವಿಷಯ ಇದೇ.

ಉತ್ತರ: ಮನೆ ಮಾಲೀಕ, ಚಿಕ್ಕಮಗಳೂರು

ನಾನು ನಿವೃತ್ತ ಅಧ್ಯಾಪಕ. ಕೆಳಗೆ ನಾವಿದ್ದು ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಪಿಂಚಣಿಯ ಜೊತೆಗೆ ಅದೇ ನಮ್ಮ ಆಧಾರ. ತಂಗೀ, ಊರಿಗೆ ಫೋನು ಮಾಡುತ್ತೇವೆಂದು ಹೆದರಿಸಿದ್ದನ್ನು, ಅಡ್ವಾನ್ಸ್ ಕೊಡುವುದಿಲ್ಲ ಎಂದಿದ್ದನ್ನು ಯಾವ ಮಾಲೀಕನೂ ಸಮರ್ಥಿಸಿಕೊಳ್ಳಬಾರದು. ಕೊಟ್ಟ ಹಣ ನಿಮ್ಮದು.

ಆದರೆ ಇನ್ನೊಂದು ಮಾತನ್ನೂ ಹೇಳಲು ಅವಕಾಶ ಕೊಡಿ. ನಮ್ಮ ಮನೆಯಂಥ ಮನೆಗಳಲ್ಲಿ ಗೇಟು ಒಂದೇ, ಸಂಪು ಒಂದೇ, ಬಟ್ಟೆ ಒಣಗಿಸುವ ತಾರಸಿ ಒಂದೇ. ಮೇಲಿನವರು ಯಾವಾಗ ಬಂದರು, ಯಾರು ಬಂದರು ಎಂಬುದು ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಹಾಗಿರುವಾಗ ಯಾರ ಜೊತೆ ಹಾಗೆ ಬಾಳಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಮಾಲೀಕನಿಗೆ ಬೇಡವೇ? ನಾಳೆ ಸರ್ಕಾರ ಕಾನೂನು ತಂದು, ನೀನು ಇಂಥವರಿಗೆ ಮನೆ ಕೊಡದಿದ್ದರೆ ಅಪರಾಧಿ ಎಂದರೆ, ಅದು ನನ್ನ ಮನೆಯೊಳಕ್ಕೆ ಕಾಲಿಟ್ಟಂತಾಗುವುದಿಲ್ಲವೇ? ನನಗೆ ಯಾರ ಮೇಲೂ ದ್ವೇಷವಿಲ್ಲ, ವಿಚಾರ ತಿಳಿದುಕೊಳ್ಳಬೇಕೆಂದೇ ಕೇಳುತ್ತಿದ್ದೇನೆ. ಆಸ್ತಿಯ ಮೇಲಿನ ಹಕ್ಕಿಗೂ ಸಮಾನತೆಯ ಹಕ್ಕಿಗೂ ಗೆರೆಯನ್ನು ಎಲ್ಲಿ ಎಳೆಯುತ್ತಾರೆ?

ಉತ್ತರ: ಕಾನೂನು ಬೋಧಕಿ

ಚಿಕ್ಕಮಗಳೂರಿನ ಮಾಲೀಕರು ಕೇಳಿರುವ ಪ್ರಶ್ನೆಯನ್ನು ಬೇರೆ ದೇಶಗಳ ಶಾಸನ ಸಭೆಗಳೂ ಎದುರಿಸಿವೆ. ಅವು ಎಳೆದ ಗೆರೆ ಸರ್ ಅವರ ಮನೆಯ ಹೊಸಿಲಿಗೆ ಬಹಳ ಹತ್ತಿರದಲ್ಲೇ ಇದೆ, ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಲೈಂಗಿಕ ಒಲವಿನ ಕಾರಣಕ್ಕೆ ಮನೆ ಬಾಡಿಗೆ ನಿರಾಕರಿಸುವುದನ್ನು, ಕೆಟ್ಟ ಷರತ್ತು ಹಾಕುವುದನ್ನು, ಒಕ್ಕಲೆಬ್ಬಿಸುವುದನ್ನು ನಿಷೇಧಿಸುತ್ತದೆ. ಆದರೆ ಮಾಲೀಕನೋ ಅವನ ಹತ್ತಿರದ ಬಂಧುವೋ ಅದೇ ಕಟ್ಟಡದಲ್ಲಿ ವಾಸವಿದ್ದು, ಕಟ್ಟಡದ ಒಂದಷ್ಟು ಭಾಗವನ್ನು ಬಾಡಿಗೆದಾರನ ಜೊತೆ ಹಂಚಿಕೊಳ್ಳುತ್ತಿದ್ದು, ಆ ಕಟ್ಟಡ ಚಿಕ್ಕದಾಗಿದ್ದರೆ ಬಾಡಿಗೆಗೆ ಕೊಡುವ ವಿಷಯದಲ್ಲಿ ವಿನಾಯಿತಿ ಇದೆ. ಹಂಚಿಕೊಳ್ಳುವುದೆಂದರೆ ಅಡುಗೆಮನೆ, ಬಚ್ಚಲಿನಂಥವು. ಬರೀ ಮೆಟ್ಟಿಲು, ಓಡಾಡುವ ದಾರಿ, ಸಾಮಾನು ಇಡುವ ಜಾಗ ಒಂದೇ ಆದರೆ ಸಾಲದು. ಜನಾಂಗದ ಕಾರಣಕ್ಕೆ ನಿರಾಕರಿಸುವವರಿಗೆ ಮಾತ್ರ ಈ ವಿನಾಯಿತಿ ಸಿಗುವುದಿಲ್ಲ. ಅಮೆರಿಕದ 1968ರ ವಸತಿ ಕಾಯ್ದೆಯಲ್ಲೂ ಮಾಲೀಕನೇ ವಾಸವಿರುವ, ನಾಲ್ಕಕ್ಕಿಂತ ಹೆಚ್ಚು ಸಂಸಾರಗಳಿಲ್ಲದ ಕಟ್ಟಡಕ್ಕೆ ಇಂಥದೇ ವಿನಾಯಿತಿ ಇದೆ. ಆ ಕಾಯ್ದೆ ಲೈಂಗಿಕ ಒಲವನ್ನು ಹೆಸರಿಸಿಯೇ ಇಲ್ಲ. ಉದ್ಯೋಗದ ಕಾನೂನಿನಲ್ಲಿ 'ಲಿಂಗ' ಎಂಬುದರೊಳಗೆ ಅದೂ ಸೇರುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದ ಮೇಲೆ, ವಸತಿ ಇಲಾಖೆ 2021ರಲ್ಲಿ ಅದೇ ಅರ್ಥವನ್ನು ತನ್ನ ಕಾನೂನಿಗೂ ಹಚ್ಚಿಕೊಂಡಿತು. ಇಲಾಖೆ ಹಚ್ಚಿಕೊಂಡ ಅರ್ಥವನ್ನು ಮುಂದಿನ ಸರ್ಕಾರದ ಇಲಾಖೆ ಕೈಬಿಡಬಹುದು. ಕಾನೂನಿನಲ್ಲೇ ಬರೆದಿರುವುದಕ್ಕೂ ವ್ಯಾಖ್ಯಾನದಿಂದ ಬಂದಿರುವುದಕ್ಕೂ ಅಷ್ಟು ಅಂತರವಿದೆ.

ಹಾಗಾದರೆ ವಾಸವಿರುವವರೆಲ್ಲರಿಗೂ ವಿನಾಯಿತಿಯೇ? ಅಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಕ್ರೈಸ್ತ ದಂಪತಿ ತಾವಿದ್ದ ಮನೆಯಲ್ಲೇ ಹೋಟೆಲು ನಡೆಸುತ್ತಿದ್ದರು. 2008ರಲ್ಲಿ ಇಬ್ಬರು ಗಂಡಸರಿಗೆ, ವಿವಾಹಿತರಲ್ಲವೆಂಬ ಕಾರಣ ಹೇಳಿ, ಜೋಡಿ ಮಂಚದ ಕೋಣೆ ಕೊಡಲಿಲ್ಲ. ಆ ಇಬ್ಬರು ಸಿವಿಲ್ ಪಾಲುದಾರಿಕೆ, ಅಂದರೆ ಸಲಿಂಗ ಜೋಡಿಗಳಿಗೆ ಮದುವೆಯಂತೆಯೇ ಕಾನೂನು ಕೊಟ್ಟಿದ್ದ ನೋಂದಣಿ, ಮಾಡಿಕೊಂಡಿದ್ದವರು. 2013ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಕಾನೂನುಬಾಹಿರ ತಾರತಮ್ಯವೆಂದೇ ತೀರ್ಮಾನಿಸಿತು. ಜನರಿಗೆಂದು ತೆರೆದು ವ್ಯಾಪಾರ ನಡೆಸಿದ ಮೇಲೆ, ಮಾಲೀಕರ ನಂಬಿಕೆ ಎಷ್ಟೇ ಪ್ರಾಮಾಣಿಕವಾದರೂ ಗಿರಾಕಿಯನ್ನು ಹೀಗೆ ಬೇರ್ಪಡಿಸುವಂತಿಲ್ಲ ಎಂಬುದು ಅದರ ಸಾರ. ಸರ್ ಹೇಳುವ ಒಂದೇ ಗೇಟು, ಒಂದೇ ತಾರಸಿ ಈ ಎರಡರ ನಡುವೆ ಎಲ್ಲಿ ಬರುತ್ತದೆಂದು ಯೋಚಿಸಿದರೆ, ನನ್ನ ಮಟ್ಟಿಗೆ ಬೇರೆ ಬಾಗಿಲು, ಬೇರೆ ಅಡುಗೆಮನೆ, ಬೇರೆ ಮೀಟರ್ ಇರುವ ಮಹಡಿ ಮನೆ ಬಾಡಿಗೆದಾರರದೇ ಮನೆ. ಸ್ವಂತ ಅಡುಗೆಮನೆಯಲ್ಲೇ ಒಬ್ಬರಿಗೆ ಜಾಗ ಕೊಡುವವರ ಆಯ್ಕೆಯನ್ನು ಕಾನೂನು ಗೌರವಿಸಲಿ. ಆ ಕಾರಣವನ್ನು ಮೂರು ಅಂತಸ್ತು ಕಟ್ಟಿಸಿ ಎಂಟು ಮನೆ ಬಾಡಿಗೆಗೆ ಕೊಡುವವರು ಹೇಳುವಂತಾಗಬಾರದು.

ನಮ್ಮಲ್ಲಿ ಇಂಥ ಕಾನೂನು ಬರೆಯಲು ಬರುವುದಿಲ್ಲವೆಂದಲ್ಲ. ಎಚ್‌ಐವಿ ಸೋಂಕಿತರ ರಕ್ಷಣೆಗಾಗಿ 2017ರಲ್ಲಿ ಬಂದ ಕಾಯ್ದೆಯ 3ನೇ ಸೆಕ್ಷನ್ನು, ಅವರಿಗೆ ಸ್ವತ್ತಿನಲ್ಲಿ ವಾಸಿಸುವ, ಕೊಳ್ಳುವ, ಬಾಡಿಗೆಗೆ ಪಡೆಯುವ ಹಕ್ಕನ್ನು ನಿರಾಕರಿಸಬಾರದೆಂದು ಹೇಳುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ (ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಾಗಿ) 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯ 3ನೇ ಸೆಕ್ಷನ್ನೂ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಅದನ್ನೇ ಹೇಳುತ್ತದೆ, ಅದೂ ಖಾಸಗಿ ವ್ಯಕ್ತಿಗಳಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಲೈಂಗಿಕ ಒಲವನ್ನು ಹೆಸರಿಸಿಯೇ ಚಿಕಿತ್ಸೆಯಲ್ಲಿ ತಾರತಮ್ಯವನ್ನು ತಡೆಯುತ್ತದೆ. ಅಂದರೆ ಬಾಡಿಗೆ ಮನೆಯೂ ಕಾನೂನಿನಲ್ಲಿ ಬಂದಿದೆ, ಲೈಂಗಿಕ ಒಲವೂ ಬಂದಿದೆ. ಎರಡೂ ಒಂದೇ ಕಾನೂನಿನಲ್ಲಿ ಬಂದಿಲ್ಲ. 2016ರ ಹೆಸರಿನ ತಾರತಮ್ಯ ವಿರೋಧಿ ಮತ್ತು ಸಮಾನತೆ ಮಸೂದೆಯನ್ನು ಶಶಿ ತರೂರ್ ಅವರು ಲೋಕಸಭೆಯಲ್ಲಿ ಖಾಸಗಿ ಸದಸ್ಯರಾಗಿ ಮಂಡಿಸಿದ್ದರು. ಅದು ಕಾನೂನಾಗದೆ ಬಿದ್ದುಹೋಯಿತು. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಹೇಳುವಷ್ಟು ವಿವರಕ್ಕೆ ಇಳಿಯುತ್ತದೆ, ಯಾರಿಗೆ ಮನೆ ನಿರಾಕರಿಸಬಾರದೆಂಬ ಬಗ್ಗೆ ಮಾತ್ರ ಅದರಲ್ಲಿ ಒಂದು ಸೆಕ್ಷನ್ನೂ ಇಲ್ಲ. ಇದು ನನಗೆ ಬಹಳ ನೋವಿನ ಸಂಗತಿ. ಅಷ್ಟೆಲ್ಲ ಕೂತು ಬರೆದವರಿಗೆ ಇನ್ನೊಂದು ಸೆಕ್ಷನ್ನು ಬರೆಯಲು ಎಷ್ಟು ಹೊತ್ತು ಬೇಕಿತ್ತು?

ನ್ಯಾಯಾಲಯಗಳ ಕಡೆಯಿಂದಲೂ ದಾರಿ ಸರಾಗವಿಲ್ಲ. ಅಹಮದಾಬಾದಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂದು ಮಾಡಿಕೊಂಡಿದ್ದ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಖಾಸಗಿಯವರು ತಮ್ಮ ನಡುವೆ ಯಾರಿರಬೇಕೆಂದು ತೀರ್ಮಾನಿಸಿಕೊಳ್ಳಬಹುದೆಂಬ ವಾದಕ್ಕೆ ಇಂದಿಗೂ ಆ ತೀರ್ಪನ್ನೇ ಮುಂದಿಡುತ್ತಾರೆ.

ಉತ್ತರ: ಹೇಮಾವತಿ ನಗರದವನು

ಅಕ್ಕ, ನಾನೂ ನಿಮ್ಮಂತೆಯೇ ಇರುವವನು, ನನ್ನ ಸಂಗಾತಿ ಗಂಡು. ಮೇಲಿನ ಉತ್ತರಗಳಲ್ಲಿ ಬಾರದ ಎರಡು ವಿಷಯ ಹೇಳಬೇಕೆನಿಸಿತು.

ಈ ಊರಿನಲ್ಲಿ ನಮ್ಮನ್ನು ತಡೆಯುವ ಬೋರ್ಡಿನಲ್ಲಿ ನಮ್ಮ ಹೆಸರು ಇರುವುದಿಲ್ಲ. 'ಫ್ಯಾಮಿಲಿಗೆ ಮಾತ್ರ' ಎಂದಿರುತ್ತದೆ. ಬ್ರೋಕರ್ ಮೊದಲು ಕೇಳುವುದು ಮದುವೆಯಾಗಿದೆಯೇ ಎಂದು. ಸಲಿಂಗ ವಿವಾಹದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಎಂದರು, ಆದರೆ ಸಂಗಾತಿಯನ್ನು ಆರಿಸಿಕೊಂಡು ಜೊತೆಯಾಗಿ ಬಾಳುವ ಹಕ್ಕನ್ನು ಒಪ್ಪಿದರು. 2024ರಲ್ಲಿ ಕೇಂದ್ರ ಸರ್ಕಾರ ಪಡಿತರ ಚೀಟಿಗೆ ನಮ್ಮಂಥ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕೆಂದು ರಾಜ್ಯಗಳಿಗೆ ಬರೆಯಿತು, ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ಆದರೆ ಅಕ್ಕಿ ಬೇಯಿಸಲು ಒಂದು ಮನೆ ಬೇಕಲ್ಲ. ನಾಳೆ ಕಾನೂನು ಬಂದು ಲೈಂಗಿಕ ಒಲವಿನ ಕಾರಣಕ್ಕೆ ನಿರಾಕರಿಸಬಾರದೆಂದರೂ, ಮಾಲೀಕರು 'ಮದುವೆಯಾದವರಿಗೆ ಮಾತ್ರ' ಎಂದರೆ ಸಾಕು, ಒಂಟಿ ಹುಡುಗರ ಜೊತೆಗೆ ನಾವೂ ಹೊರಗೆ ನಿಲ್ಲುತ್ತೇವೆ. ಕಾನೂನು ಬರೆಯುವವರು ವೈವಾಹಿಕ ಸ್ಥಿತಿಯನ್ನೂ ಸೇರಿಸದೆ ಇದ್ದರೆ ನಮಗೆ ಉಪಯೋಗವಾಗುವುದು ಕಷ್ಟ.

ಇನ್ನೊಂದು, ಕಾನೂನು ಇದ್ದವರ ಕಥೆ. ನನ್ನ ಗೆಳತಿಯೊಬ್ಬಳು ಲಿಂಗತ್ವ ಅಲ್ಪಸಂಖ್ಯಾತೆ, ಜಿಲ್ಲಾಧಿಕಾರಿಗಳು ಕೊಟ್ಟ ಗುರುತಿನ ಚೀಟಿಯೂ ಅವಳಲ್ಲಿದೆ. ಬೋಧಕಿಯವರು ಹೇಳಿದ 2019ರ ಕಾಯ್ದೆ ಅವಳಿಗೆ ನೇರವಾಗಿ ಅನ್ವಯಿಸುತ್ತಿತ್ತು. ಮನೆ ಹುಡುಕಲು ಅವಳ ಜೊತೆ ನಾನೂ ಓಡಾಡಿದ್ದೇನೆ. ಫೋನಿನಲ್ಲಿ ಖಾಲಿ ಇದೆ ಎಂದ ಮನೆ, ನಾವು ಗೇಟಿನ ಬಳಿ ನಿಂತಾಗ "ಈಗ ತಾನೇ ಅಡ್ವಾನ್ಸ್ ಕೊಟ್ಟು ಹೋದರು" ಎಂಬ ಮನೆಯಾಗಿರುತ್ತಿತ್ತು. ಟು-ಲೆಟ್ ಬೋರ್ಡು ಮುಂದಿನ ವಾರವೂ ಅಲ್ಲೇ ತೂಗುತ್ತಿತ್ತು. ಯಾರೂ ಕಾರಣ ಹೇಳಲಿಲ್ಲ, ಆದ್ದರಿಂದ ಯಾರ ಮೇಲೆ ಏನೆಂದು ದೂರು ಕೊಡುವುದು? ಆ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಇದೆ, ಆದರೆ ಅದು ವಾಸದ ಸ್ಥಳದಿಂದ ಬಲವಂತವಾಗಿ ಹೊರಹಾಕುವಂಥ ಕೃತ್ಯಗಳಿಗೆ. ಮನೆ ಕೊಡುವುದಿಲ್ಲ ಎಂದವರಿಗೆ ಅಲ್ಲಿ ಯಾವ ಶಿಕ್ಷೆಯನ್ನೂ ಬರೆದಿಲ್ಲ. ಕೊನೆಗೆ ಅವಳಿಗೆ ಮನೆ ಸಿಕ್ಕಿದ್ದು, ಅವಳ ಬಳಿ ರವಿಕೆ ಹೊಲಿಸಿಕೊಳ್ಳುತ್ತಿದ್ದ ಒಬ್ಬ ಅಜ್ಜಿ ತಮ್ಮ ಹಿತ್ತಿಲ ಮನೆಯನ್ನು ಕೊಟ್ಟಿದ್ದರಿಂದ.

ಅಧ್ಯಾಪಕರೇ, ತಮಗೆ ಒಂದು ವಿನಂತಿ. ಕಣ್ಣಿಗೆ ಬೀಳುತ್ತದೆ ಎಂದಿರಿ. ನಾವು ಸಂಜೆ ತರಕಾರಿ ಚೀಲ ಹಿಡಿದು ಬರುತ್ತೇವೆ, ಭಾನುವಾರ ಬೆಡ್‌ಶೀಟು ಒಗೆದು ತಾರಸಿಗೆ ಹಾಕುತ್ತೇವೆ, ನೀರು ಬರುವ ದಿನ ಮೋಟರ್ ಹಾಕಲು ಏಳುತ್ತೇವೆ. ತಮ್ಮ ಕಣ್ಣಿಗೆ ಬೀಳುವುದು ಇಷ್ಟೇ.

ಮರು ಉತ್ತರ: ಮನೆ ಮಾಲೀಕ, ಚಿಕ್ಕಮಗಳೂರು

ಬೋಧಕಿಯವರು ಬೇರೆ ಅಡುಗೆಮನೆ, ಬೇರೆ ಬಾಗಿಲು ಎಂದು ಎಳೆದ ಗೆರೆ ನನಗೆ ಒಪ್ಪಿಗೆಯಾಗುವಂಥದ್ದು. ಆ ಲೆಕ್ಕದಲ್ಲಿ ನನ್ನ ಮಹಡಿ ಮನೆ ಕಾನೂನಿನೊಳಗೇ ಬರುತ್ತದೆ. ಆದರೂ ಶಿಕ್ಷೆಯ ಕಾನೂನು ಬೇಡ, ಪರಿಹಾರದ ಕಾನೂನು ಸಾಕು ಎಂಬುದು ನನ್ನ ಅಭಿಪ್ರಾಯ. ಹೇಮಾವತಿ ನಗರದವರು ಬರೆದದ್ದನ್ನು ನನ್ನ ಮನೆಯವರಿಗೂ ಓದಿ ಹೇಳಿದೆ.

ಮರು ಪ್ರಶ್ನೆ: ಸಾಲಗಾಮೆ ರಸ್ತೆ ಬಾಡಿಗೆದಾರಳು

ಎಲ್ಲರಿಗೂ ಕೃತಜ್ಞತೆ. ನಾವಿಬ್ಬರೂ ಕೂತು ಮಾತಾಡಿದೆವು. ಇಂಥವರ ಮನೆಯಲ್ಲಿ ಮುಂದೆ ಇರಲು ನಮಗೂ ಮನಸ್ಸಿಲ್ಲ. ಆದರೆ ಹೆದರಿ ಓಡಿದಂತೆ ಹೋಗುವುದೂ ಬೇಡ, ಅಡ್ವಾನ್ಸ್ ಬಿಟ್ಟುಕೊಡುವುದೂ ಬೇಡ ಎಂದು ತೀರ್ಮಾನಿಸಿದ್ದೇವೆ. ಒಂದೇ ಆತಂಕ. ಪೊಲೀಸ್ ಠಾಣೆಗೋ ಕೋರ್ಟಿಗೋ ಹೋದರೆ ನಾವು ಮುಚ್ಚಿಡಬೇಕೆಂದಿರುವುದನ್ನು ನಾವೇ ಬರೆದುಕೊಟ್ಟಂತಾಗುತ್ತದೆ. ನನ್ನ ಸಂಗಾತಿಯ ಮನೆಯಲ್ಲಿ ಇನ್ನೂ ಗೊತ್ತಿಲ್ಲ. ಆ ವಿಷಯವನ್ನು ಎತ್ತದೆಯೇ ಹಣ ಮತ್ತು ಸಮಯ ಕೇಳಲು ಬರುತ್ತದೆಯೇ?

ಉತ್ತರ: ಜಿಲ್ಲಾ ನ್ಯಾಯಾಲಯದ ವಕೀಲ, ಹಾಸನ

ಖಂಡಿತ ಬರುತ್ತದೆ. ನಿಮ್ಮದು ಬಾಡಿಗೆದಾರ ಮತ್ತು ಮಾಲೀಕರ ನಡುವಿನ ವ್ಯವಹಾರ. ಪತ್ರದಲ್ಲಿ ಅದಷ್ಟೇ ಇರಲಿ. ಇಂಥ ದಿನಾಂಕದಿಂದ ಬಾಡಿಗೆದಾರಳಾಗಿದ್ದೇನೆ, ಬಾಡಿಗೆ ಬಾಕಿ ಇಲ್ಲ, ಅಡ್ವಾನ್ಸ್ ಇಷ್ಟು ಕೊಟ್ಟಿದ್ದೇನೆ, ಮನೆ ಬಿಡಲು ಇಂಥ ತಾರೀಖಿನವರೆಗೆ ಸಮಯ ಬೇಕು, ಕೀಲಿ ಕೊಡುವ ದಿನವೇ ಕರಾರಿನಂತೆ ಮುರಿದುಕೊಳ್ಳಬೇಕಾದ್ದನ್ನು ಕಳೆದು ಉಳಿದ ಹಣವನ್ನು ಖಾತೆಗೆ ಹಾಕಬೇಕು, ಅಲ್ಲಿಯವರೆಗೆ ನೀರು ಮತ್ತು ವಿದ್ಯುತ್ತಿಗೆ ಅಡ್ಡಿ ಮಾಡಬಾರದು ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕೊನೆಯಲ್ಲಿ, ಮೂರನೆಯವರನ್ನು ಸಂಪರ್ಕಿಸುವುದಾಗಿ ನೀವು ಹೇಳಿದ ಮಾತನ್ನು ಗುರುತು ಮಾಡಿಟ್ಟುಕೊಂಡಿದ್ದೇನೆ, ಅದು ಮರುಕಳಿಸಿದರೆ ಕಾನೂನು ಕ್ರಮ ಕೈಗೊಳ್ಳುತ್ತೇನೆ ಎಂಬ ಒಂದು ವಾಕ್ಯ ಸೇರಿಸಿ. ಏನು ಹೇಳಿದರೆಂದು ಬಿಡಿಸಿ ಬರೆಯಬೇಡಿ, ಅವರಿಗೆ ಅರ್ಥವಾಗುತ್ತದೆ. ಆ ಮಾತು ಆಡಿದ ದಿನ, ಹೊತ್ತು, ಎದುರಿಗಿದ್ದವರು ಯಾರು ಎಂಬುದನ್ನು ಇವತ್ತೇ ನಿಮ್ಮ ಡೈರಿಯಲ್ಲಿ ಬರೆದಿಡಿ. ವಾಟ್ಸಾಪ್‌ನಲ್ಲಿ ಏನಾದರೂ ಕಳಿಸಿದ್ದರೆ ಅಳಿಸಬೇಡಿ.

ಖರ್ಚಿನ ಚಿಂತೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತ ಕಾನೂನು ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಅಡ್ವಾನ್ಸಿನಂಥ ಹಣದ ತಕರಾರನ್ನು ದಾವೆಗೆ ಮೊದಲೇ ಅಲ್ಲಿ ರಾಜಿಗೆ ಕೂರಿಸುತ್ತಾರೆ, ಮಾಲೀಕರಿಗೆ ಬರಲು ಹೇಳಿ ಪತ್ರವನ್ನೂ ಅವರೇ ಕಳಿಸುತ್ತಾರೆ. ಅಲ್ಲಿಗೆ ಹೋಗುವಾಗ ಹಳೆಯ ಕರಾರು ಪತ್ರ, ಬಾಡಿಗೆ ಹಾಕಿದ ಬ್ಯಾಂಕ್ ಸ್ಟೇಟ್‌ಮೆಂಟು, ಅಡ್ವಾನ್ಸ್ ಕೊಟ್ಟದ್ದಕ್ಕೆ ಇರುವ ದಾಖಲೆ ಮೂರನ್ನೂ ಜೊತೆಗೆ ತೆಗೆದುಕೊಂಡು ಹೋಗಿ.